ಕೆರೆದಂಡೆಯ ಹಿರಿಮನೆಯಲ್ಲಿ ಬೇಸಿಗೆ ರಜೆ: ಮಾರ್ಚ್‌ನ ಸಿದ್ಧತೆಯಿಂದ ಮೇ ಕೊನೆಯವರೆಗೆ

ಬೇಲೂರಿಗೂ ಚಿಕ್ಕಮಗಳೂರಿಗೂ ನಡುವೆ, ಹೆದ್ದಾರಿಯಿಂದ ಒಳಕ್ಕೆ ಹೊರಳಿದ ಊರೊಂದರಲ್ಲಿ ನಮ್ಮ ಹಿರಿಯರ ಮನೆಯಿದೆ. ಹಿತ್ತಿಲ ಬೇಲಿ ದಾಟಿದರೆ ಕೆರೆ. ವರ್ಷದ ಹೆಚ್ಚಿನ ಕಾಲ ಅಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ ಇರುತ್ತಾರೆ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿಟ್ಟೊಡನೆ ಬೆಂಗಳೂರು, ಮೈಸೂರು, ಹಾಸನಗಳಿಂದ ಹದಿನೈದು ಹದಿನಾರು ಮಂದಿ ಬಂದಿಳಿಯುತ್ತೇವೆ. ಇಂಥ ಮನೆ ಇರುವವರು ನಮ್ಮ ಸೀಮೆಯಲ್ಲಿ ಕಡಿಮೆಯೇನಿಲ್ಲ. ಆದರೆ ಎರಡು ಸಂಗತಿಗಳನ್ನು ಮರೆತು ಹೋಗುವುದರಿಂದ ರಜೆ ಅರ್ಧದಲ್ಲೇ ಕೆಡುವುದನ್ನು ನಾನು ಹಲವು ವರ್ಷ ಕಂಡಿದ್ದೇನೆ. ಬೇಸಿಗೆಯ ಕೆರೆ ನಾವು ದಸರೆಯಲ್ಲಿ ನೋಡಿಹೋದ ಕೆರೆಯಲ್ಲ ಎಂಬುದು ಒಂದು. ನಮ್ಮ ರಜೆ ಆ ಮನೆಯಲ್ಲೇ ಇರುವವರ ಪಾಲಿಗೆ ದುಡಿಮೆಯ ತಿಂಗಳು ಎಂಬುದು ಇನ್ನೊಂದು. ಕೆಳಗಿನ ಕ್ರಮವನ್ನು ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮಾರ್ಚ್: ಇಬ್ಬರು ಹೋಗಿ ಬರುವುದು

ಎಲ್ಲರೂ ಹೊರಡುವುದಕ್ಕೆ ಮೂರು ನಾಲ್ಕು ವಾರ ಮೊದಲು, ಕೈಕೆಲಸ ಬಲ್ಲ ಇಬ್ಬರು ಒಂದು ಶನಿವಾರ, ಭಾನುವಾರ ಹೋಗಿಬರಬೇಕು. ಮೊದಲು ನೋಡಬೇಕಾದದ್ದು ಮಾಡು. ಮಂಗಳೂರು ಹೆಂಚಿನ ಮನೆಯಾದರೆ ಕೋತಿಗಳು ಜಾರಿಸಿದ ಹೆಂಚು ನಾಲ್ಕಾದರೂ ಇದ್ದೇ ಇರುತ್ತವೆ, ಮತ್ತು ಮಾರ್ಚ್, ಏಪ್ರಿಲ್‌ನ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ರಾತ್ರಿಯೇ ಅದು ತಿಳಿಯುತ್ತದೆ. ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿ ಅಟ್ಟ ಹತ್ತಿ ನಿಂತರೆ, ಬೆಳಕು ಚುಕ್ಕಿ ಚುಕ್ಕಿಯಾಗಿ ಬೀಳುವ ಕಡೆಯೆಲ್ಲ ಒಡೆದ ಹೆಂಚಿದೆ ಎಂದರ್ಥ. ಸೀಮೆಸುಣ್ಣದಲ್ಲಿ ರೀಪಿನ ಮೇಲೆ ಗುರುತು ಹಾಕಿಕೊಂಡರೆ ಹೆಂಚು ಹೊದಿಸುವವರ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಅನಂತರ ಬಳಸದೆ ಮುಚ್ಚಿಟ್ಟ ಕೋಣೆಗಳು. ಬಾಗಿಲು ತೆರೆದು, ಹಾಸಿಗೆಗಳನ್ನು ಇಡೀ ದಿನ ಬಿಸಿಲಿಗೆ ಹಾಕಿ, ಮೂಲೆಗಳಲ್ಲಿ ಕಣಜದ ಗೂಡು ಇದೆಯೇ ನೋಡಬೇಕು. ಇಲಿ ಕಡಿದ ವಯರು ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದಲೇ ನೋಡಿಸುವುದು ಮೇಲು. ಹದಿನಾರು ಮಂದಿಗೆ ಬಚ್ಚಲುಮನೆಯ ಹಂಡೆ ಸಾಲದೆ ಗೀಸರ್ ಹಾಕಿಸಿಕೊಂಡವರು ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸದೆ ಅದನ್ನು ಬಳಸಬಾರದು. ಗ್ಯಾಸಿನ ರಬ್ಬರ್ ಟ್ಯೂಬು, ಇನ್ವರ್ಟರ್ ಬ್ಯಾಟರಿಯ ನೀರು, ಟಾರ್ಚುಗಳು: ಇವಕ್ಕೆ ಹತ್ತು ನಿಮಿಷ ಸಾಕು.

ಬಾವಿಗೆ ಮಾತ್ರ ಸಮಯ ಕೊಡಬೇಕು. ಬೇಸಿಗೆಯಲ್ಲಿ ನೀರು ತಳ ಸೇರುತ್ತಿರುವಾಗ ಬಳಕೆ ಒಮ್ಮೆಲೇ ಏಳೆಂಟು ಪಟ್ಟು ಏರುವುದರಿಂದ, ಊರಿನ ನೀರು ಒಗ್ಗದ ಮಕ್ಕಳಿಗೆ ಮೂರನೆಯ ದಿನವೇ ಹೊಟ್ಟೆ ಕೆಡುತ್ತದೆ. ಬ್ಲೀಚಿಂಗ್ ಪುಡಿಯನ್ನು ಅಂದಾಜಿನಲ್ಲಿ ಸುರಿಯದೆ ಲೆಕ್ಕ ಹಾಕಿಯೇ ಬಳಸಬೇಕು. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ ಎಷ್ಟು ಸಾವಿರ ಲೀಟರ್ ನೀರಿದೆ ಎಂಬುದು ಸಿಗುತ್ತದೆ. 3 ಮೀಟರ್ ಅಗಲದ ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯಂತೆ 35 ಗ್ರಾಂ ಸಾಕು. ಅದನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ಬಾವಿಗೆ ಇಳಿಬಿಟ್ಟು, ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ತಳದ ಗಸಿಯನ್ನು ಬಾವಿಗೆ ಹಾಕಬಾರದು, ಅದು ನೀರನ್ನು ಗಡಸು ಮಾಡುತ್ತದೆ. ರಾತ್ರಿ ಊಟವಾದ ಮೇಲೆ ಮಾಡಿದರೆ ಅನುಕೂಲ, ಏಕೆಂದರೆ ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ಕುಡಿಯುವ ನೀರನ್ನು ಇಷ್ಟಾದ ಮೇಲೂ ಕಾಯಿಸಿಯೇ ಕುಡಿಯುವುದು ನಮ್ಮ ಮನೆಯ ಪದ್ಧತಿ.

ಹೊರಡುವ ಮುನ್ನ ಅಡುಗೆಮನೆಯ ಹಂಚಿಕೆ

ಇದನ್ನು ಊರು ಸೇರಿದ ಮೇಲೆ ನೋಡಿಕೊಳ್ಳೋಣ ಎಂದುಕೊಂಡರೆ ಆಗುವುದು ಒಂದೇ: ದೊಡ್ಡಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಹದಿನಾರು ಮಂದಿಗೆ ಅಕ್ಕಿರೊಟ್ಟಿ ತಟ್ಟಲು ಕೂರುತ್ತಾರೆ, ಬೇಡವೆಂದರೂ ಕೇಳುವುದಿಲ್ಲ, ಮತ್ತು ಅವರ ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವ ಹೊತ್ತಿಗೆ ಮೊದಲು ತಿಂದವರಿಗೆ ಮತ್ತೆ ಹಸಿವಾಗಿರುತ್ತದೆ. ಆದ್ದರಿಂದ ಎಲ್ಲರೂ ಹೊರಡುವ ಮೊದಲೇ ಫೋನಿನಲ್ಲಿ ಮಾತಾಡಿಕೊಂಡು, ದಿನಕ್ಕೊಂದು ಜೋಡಿಯಂತೆ ಅಡುಗೆಯನ್ನು ಹಂಚಿ, ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆದುಬಿಡಬೇಕು. ಗಂಡಸರ ಹೆಸರೂ ಅಲ್ಲಿರಬೇಕು. ನಮ್ಮ ಭಾವನವರ ಸರದಿಯಂದು ಮಧ್ಯಾಹ್ನ ಎರಡೂವರೆಗೆ ಮುದ್ದೆ, ಬಸ್ಸಾರು ಸಿಗುತ್ತದೆ, ತಡವಾದರೂ ಸಿಗುತ್ತದೆ. ದೊಡ್ಡಮ್ಮನ ಹೆಸರನ್ನು ಕ್ಯಾಲೆಂಡರಿನಲ್ಲಿ ಬರೆಯಬಾರದು. ಅವರಾಗಿ ಒಲೆಯ ಮುಂದೆ ಬಂದು ಕುಳಿತ ದಿನ ಅದು ಅವರ ಇಷ್ಟ.

ದಿನಸಿಯನ್ನು ಬೇಲೂರು, ಚಿಕ್ಕಮಗಳೂರುಗಳಲ್ಲಿ ಒಂದೇ ಸಲ ಕೊಂಡು, ತರಕಾರಿ, ಹಾಲು, ಮೊಟ್ಟೆಗಳನ್ನು ಊರಿನಲ್ಲೇ ಕೊಳ್ಳುವುದು ಒಳ್ಳೆಯದು. ತಿಂಗಳ ಖರ್ಚಿಗೆ ಎಲ್ಲ ಸಂಸಾರಗಳೂ ಮೊದಲೇ ಒಂದಿಷ್ಟು ಹಣ ಸೇರಿಸಿ ಒಬ್ಬರ ಕೈಗೆ ಕೊಟ್ಟರೆ, ಕೊನೆಯಲ್ಲಿ ಲೆಕ್ಕದ ಮುಜುಗರ ಉಳಿಯುವುದಿಲ್ಲ.

ಮೊದಲ ದಿನ: ಕೆರೆಯನ್ನು ಸುತ್ತಿ ನೋಡುವುದು

ಬಂದ ಸಂಜೆ ಯಾರನ್ನೂ ನೀರಿಗೆ ಇಳಿಸಬೇಡಿ. ಮರುದಿನ ಬೆಳಿಗ್ಗೆ, ಈಜು ಬಲ್ಲ ದೊಡ್ಡವರು ಇಬ್ಬರು ಮೂವರು ಏರಿಯ ಮೇಲಿನಿಂದ ಹೊರಟು ಕೆರೆಯನ್ನು ಒಂದು ಸುತ್ತು ಹಾಕಬೇಕು. ಕೈಯಲ್ಲಿ ಆಳುದ್ದಕ್ಕಿಂತ ಎತ್ತರದ ಬಿದಿರ ಗಳ ಇರಲಿ.

ನೋಡಬೇಕಾದವು ನಾಲ್ಕು. ಮೊದಲನೆಯದು ಹೂಳು. ಜನವರಿಯಿಂದ ನೀರು ಇಳಿಯುತ್ತಾ ಬಂದಂತೆ ಕೆರೆಯಂಗಳ ಬಯಲಾಗಿ, ಮೇಲ್ಪದರ ಒಣಗಿ ಬಿರುಕು ಬಿಟ್ಟು, ನಡೆಯಬಹುದಾದ ನೆಲದಂತೆ ಕಾಣುತ್ತದೆ. ಆ ಹಕ್ಕಳೆಯ ಕೆಳಗೆ ಮೊಣಕಾಲು ಮುಳುಗುವಷ್ಟು, ಕೆಲವು ಕಡೆ ಸೊಂಟ ಮುಳುಗುವಷ್ಟು ಕೆಸರಿರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗ ಚೆಂಡಿನ ಹಿಂದೆ ಓಡಿ, ನೀರಿನಿಂದ ಹತ್ತು ಹೆಜ್ಜೆ ದೂರದ ಒಣನೆಲದಲ್ಲೇ ತೊಡೆಯವರೆಗೆ ಹೂತುಹೋದ. ಅವನು ಕಾಲು ಕಿತ್ತಷ್ಟೂ ಇನ್ನೊಂದು ಕಾಲು ಕೆಳಗಿಳಿಯುತ್ತಿತ್ತು. ದನ ಕಾಯುತ್ತಿದ್ದವರೊಬ್ಬರು ಓಡಿಬಂದು, ಅವನ ಹತ್ತಿರ ಹೋಗದೆ, ಹಿಂದಕ್ಕೆ ಮಲಗು ಎಂದು ಕೂಗಿದರು. ಅವನು ಅಂಗಾತ ಒರಗಿ ಕೈ ಚಾಚಿದ ಮೇಲೆ ಮುಳುಗುವುದು ನಿಂತಿತು. ನಾವು ದನದ ಕೊಟ್ಟಿಗೆಯ ಏಣಿ ತಂದು ಕೆಸರಿನ ಮೇಲೆ ಅಡ್ಡ ಹಾಸಿ, ಒಂದೊಂದೇ ಕಾಲನ್ನು ಅಲುಗಾಡಿಸಿ ಬಿಡಿಸಿದೆವು. ಚಪ್ಪಲಿ ಇಂದಿಗೂ ಕೆರೆಯಲ್ಲೇ ಇದೆ. ಹೂಳಿನಲ್ಲಿ ಸಿಕ್ಕಿಕೊಂಡವರಿಗೆ ಮಾಡಬೇಕಾದ್ದು ಇಷ್ಟೇ: ಭಾರವನ್ನು ಹರಡುವುದು, ಎಳೆದಾಡದಿರುವುದು, ಏಣಿ ಅಥವಾ ಹಲಗೆಯ ಮೇಲಿಂದಲೇ ಹತ್ತಿರ ಹೋಗುವುದು.

ಎರಡನೆಯದು ಗುಂಡಿ. ಹಿಂದಿನ ಬೇಸಿಗೆಯಲ್ಲಿ ಜೆಸಿಬಿಯಿಂದ ಹೂಳೆತ್ತಿದ ಜಾಗವೋ, ಇಟ್ಟಿಗೆಗೆ ಮಣ್ಣು ತೆಗೆದ ಜಾಗವೋ ನೀರು ತುಂಬಿದಾಗ ಕಣ್ಣಿಗೆ ಕಾಣುವುದಿಲ್ಲ. ಸೊಂಟದುದ್ದದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಆಳುದ್ದಕ್ಕೆ ಬೀಳುವುದು ಇಲ್ಲಿಯೇ. ಎಲ್ಲಿ ಮಣ್ಣು ತೆಗೆದಿದ್ದಾರೆ ಎಂಬುದು ಗದ್ದೆಗಳಿಗೆ ಕೆರೆಯ ನೀರು ಬಿಡುವ ಊರಿನ ನೀರುಗಂಟಿಗೆ, ಮೀನು ಹಿಡಿಯುವವರಿಗೆ ಗೊತ್ತಿರುತ್ತದೆ. ಅವರನ್ನು ಕೇಳದೆ ಜಾಗ ಗೊತ್ತುಮಾಡಬೇಡಿ. ಮೂರನೆಯದು ಕೆರೆಯ ನೀರು ಹೊರಬಿಡುವ ತೂಬು ಮತ್ತು ಪಂಪ್‌ಸೆಟ್ಟು. ತೂಬು ತೆರೆದಿದ್ದರೆ ಅದರ ಬಾಯಿಯ ಬಳಿ ಮೇಲ್ನೋಟಕ್ಕೆ ಶಾಂತವಾಗಿರುವ ನೀರು ಒಳಗಿನಿಂದ ಸೆಳೆಯುತ್ತಿರುತ್ತದೆ. ಕಾಫಿ ಗಿಡ ಹೂ ಬಿಡಲೆಂದು ಸ್ಪ್ರಿಂಕ್ಲರ್ ಹಾಯಿಸುವ ದಿನಗಳಲ್ಲಿ ದಡದ ಮೇಲೆ ಮೋಟಾರು, ಕೇಬಲ್ಲು ಹರಡಿರುತ್ತವೆ. ಒದ್ದೆ ಮೈಯಲ್ಲಿ ಅತ್ತ ಸುಳಿಯುವುದೂ ಅಪಾಯ. ನಾಲ್ಕನೆಯದು ನೀರಿನ ಬಣ್ಣ. ಹಸಿರು ಪೇಂಟು ಚೆಲ್ಲಿದಂತೆ ಮೇಲೆ ಕೆನೆ ಕಟ್ಟಿದ್ದರೆ ಅದು ಪಾಚಿಯ ವಿಷವಿರಬಹುದಾದ ನೀರು. ಆ ಕಡೆ ಮಕ್ಕಳೂ ಇಳಿಯಬಾರದು, ನಾಯಿಯೂ ಕುಡಿಯಬಾರದು. ಮೈಮೇಲೆ ಗಾಯವಿದ್ದವರು ದನ ತೊಳೆಯುವ ಕಡೆಯ ನೀರಿನಿಂದ ದೂರವಿರುವುದು ಕ್ಷೇಮ, ಇಲಿಜ್ವರ ಬರುವುದು ಹಾಗೆಯೇ.

ಇಷ್ಟನ್ನೂ ಬಿಟ್ಟು ಉಳಿದ ಜಾಗದಲ್ಲಿ, ತಳ ಗಟ್ಟಿಯಿದ್ದು ಮೆಲ್ಲಗೆ ಇಳಿಜಾರಾಗುವ ಒಂದು ಮೂಲೆಯನ್ನು ಆರಿಸಿಕೊಳ್ಳಿ. ಈಜಲು ಬಾರದ ಮಕ್ಕಳಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರ ಎದೆಮಟ್ಟಕ್ಕೆ ನೀರು ಬರುವಲ್ಲಿ ಸಾಲಾಗಿ ಬಿದಿರ ಗಳ ನೆಟ್ಟು, ನಡುವೆ ಹಗ್ಗ ಕಟ್ಟಿ, ಹಗ್ಗಕ್ಕೆ ಕೆಂಪು ಬಟ್ಟೆಯ ಚೂರು ಸಿಕ್ಕಿಸಿದರೆ ಗಡಿ ಸಿದ್ಧ. ದಿನದಿನಕ್ಕೆ ನೀರು ಇಳಿಯುವುದರಿಂದ ವಾರಕ್ಕೊಮ್ಮೆ ಅದನ್ನು ಮುಂದಕ್ಕೆ ಸರಿಸಬೇಕಾಗುತ್ತದೆ.

ನೀರಿಗೆ ಇಳಿಯುವ ಹೊತ್ತು ಮತ್ತು ಕಾವಲು

ಏಪ್ರಿಲ್, ಮೇ ತಿಂಗಳ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಬರುವುದರಿಂದ ಈಜನ್ನು ಬೆಳಿಗ್ಗೆ ಏಳರಿಂದ ಒಂಬತ್ತೂವರೆಯೊಳಗೆ ಮುಗಿಸುವುದೇ ಸರಿ. ಗುಡುಗಿನ ಸದ್ದು ಕಿವಿಗೆ ಬಿತ್ತೆಂದರೆ, ಮೋಡ ಎಷ್ಟೇ ದೂರವಿರಲಿ, ನೀರಿನಿಂದ ಎದ್ದು ಮನೆಯೊಳಗೆ ಬರಬೇಕು. ಏರಿಯ ಮೇಲಿನ ಮರದಡಿಯಲ್ಲಿ ನಿಲ್ಲಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯದೆ ಹೊರಡಬಾರದು.

ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಈಜು ಬಲ್ಲ ಒಬ್ಬರು ದಡದಲ್ಲಿ ಕಾವಲಿರಬೇಕು. ದಡದಲ್ಲಿ ಹತ್ತು ಮಂದಿ ಹರಟುತ್ತ ಕುಳಿತಿದ್ದರೆ ಕಾವಲು ಇದೆ ಎಂದುಕೊಳ್ಳಬೇಡಿ, ಎಲ್ಲರೂ ನೋಡುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ. ಕಾವಲಿನವರ ಮೊಬೈಲು ಮನೆಯಲ್ಲಿರಲಿ, ಕೊರಳಲ್ಲಿ ಸೀಟಿ ಇರಲಿ, ಅರ್ಧ ಗಂಟೆಗೊಮ್ಮೆ ಆಳು ಬದಲಾಗಲಿ, ಬದಲಾಗುವಾಗ ತಲೆ ಎಣಿಸಿ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿ ಒಪ್ಪಿಸಲಿ. ಮುಳುಗುವವರು ಸಿನಿಮಾದಲ್ಲಿನ ಹಾಗೆ ಕೂಗುವುದಿಲ್ಲ, ಸದ್ದಿಲ್ಲದೆ ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದಿರುತ್ತದೆ ಎಂಬುದನ್ನು ಎಲ್ಲರಿಗೂ ಮೊದಲೇ ಹೇಳಿರಬೇಕು.

ಈಜು ಕಲಿಸಲು ನಮ್ಮ ಹಿರಿಯರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರು, ಇಲ್ಲವೇ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿ ಕಟ್ಟಿ ಎದೆಯ ಕೆಳಗೆ ಕೊಡುತ್ತಿದ್ದರು. ಕಲಿಯಲು ಅವು ಇಂದಿಗೂ ಚೆನ್ನ, ಆದರೆ ಗಂಟು ಬಿಚ್ಚಿದರೆ ಕೈಬಿಡುತ್ತವೆ. ಕಲಿಯುವವರಿಗೆಲ್ಲ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಕೊಡಿಸುವ ಖರ್ಚನ್ನು ಉಳಿಸಬೇಡಿ. ಗಾಳಿ ತುಂಬುವ ಆಟದ ಟ್ಯೂಬುಗಳನ್ನು ನಾನಂತೂ ನಂಬುವುದಿಲ್ಲ, ಗಾಳಿ ಬೀಸಿದರೆ ಮಗುವಿನ ಸಮೇತ ಕೆರೆಯ ನಡುವಿಗೆ ಹೋಗುತ್ತವೆ.

ದಡದಲ್ಲಿ ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ಅದರ ತುದಿಗೆ ಬಿರಟೆ ಬಿಗಿದ ಐದು ಲೀಟರಿನ ಖಾಲಿ ಕ್ಯಾನು ಸದಾ ಇರಬೇಕು. ಕ್ಯಾನಿನಲ್ಲಿ ಒಂದು ಲೋಟ ನೀರಿದ್ದರೆ ಎಸೆದಾಗ ದೂರ ಹೋಗುತ್ತದೆ. ಯಾರಾದರೂ ಮುಳುಗುತ್ತಿದ್ದರೆ ಮೊದಲು ಗಳ ಚಾಚಬೇಕು, ಸಿಗದಿದ್ದರೆ ಕ್ಯಾನು ಎಸೆಯಬೇಕು; ಒಬ್ಬರ ಹಿಂದೊಬ್ಬರು ನೀರಿಗೆ ಹಾರಿಯೇ ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಹೋಗುವುದು. ಮೇಲೆ ತಂದವರು ಉಸಿರಾಡದಿದ್ದರೆ ಹೊಟ್ಟೆ ಅಮುಕಿ ನೀರು ತೆಗೆಯುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು ಇವೆಲ್ಲ ಹೊತ್ತು ಹಾಳು. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಬಾಯಿಗೆ ಬಾಯಿಟ್ಟು ಉಸಿರು ಊದಿ, ಅನಂತರ ಎದೆಯ ನಡುವೆ 30 ಸಲ ಗಟ್ಟಿಯಾಗಿ, ವೇಗವಾಗಿ ಒತ್ತಿ, 2 ಸಲ ಉಸಿರು ಕೊಟ್ಟು, ಇದನ್ನೇ ಬಿಡದೆ ಮುಂದುವರಿಸಬೇಕು. ಮನೆಯಲ್ಲಿ ಇಬ್ಬರಾದರೂ ಇದನ್ನು ಕಲಿತು ಬಂದಿರುವುದು ಅಗತ್ಯ.

ಬಾಳೆದಿಂಡಿನ ತೆಪ್ಪ

ಮಕ್ಕಳ ಎರಡು ದಿನವನ್ನು ಪೂರ್ತಿ ತುಂಬುವ ಕೆಲಸ ಇದು. ಗೊನೆ ಕಡಿದ ಬಾಳೆಗಿಡವನ್ನು ಹೇಗೂ ಕಡಿದು ಹಾಕಬೇಕಾಗಿರುವುದರಿಂದ ತೋಟಕ್ಕೆ ನಷ್ಟವಿಲ್ಲ. ಒಂದೇ ದಪ್ಪದ ಐದಾರು ದಿಂಡುಗಳನ್ನು ಆರೇಳು ಅಡಿ ಉದ್ದಕ್ಕೆ ಕತ್ತರಿಸಿ, ಬುಡ ತುದಿ ಒಂದೊಂದು ಕಡೆ ಬರುವಂತೆ ಪಕ್ಕಪಕ್ಕದಲ್ಲಿ ಇಡಿ. ಹೆಬ್ಬೆರಳು ದಪ್ಪದ ಬಿದಿರಿನ ಸೀಳುಗಳನ್ನು ಒಂದು ತುದಿಗೆ ಚೂಪು ಮಾಡಿ, ಎಲ್ಲ ದಿಂಡುಗಳನ್ನೂ ಹಾಯುವಂತೆ ಮೂರು ಕಡೆ ಅಡ್ಡಲಾಗಿ ಹೊಡೆದು, ಮೇಲಿನಿಂದ ಹಗ್ಗ ಸುತ್ತಿ ಬಿಗಿಯಿರಿ. ಬಾಳೆಯ ಕರೆ ಬಟ್ಟೆಗೆ ತಾಗಿದರೆ ಬಿಡುವುದಿಲ್ಲವಾದ್ದರಿಂದ ಹಳೆಯ ಬಟ್ಟೆಯಲ್ಲೇ ಈ ಕೆಲಸಕ್ಕೆ ಕೂರಿಸಬೇಕು. ಜಾಕೆಟ್ ತೊಟ್ಟ ಒಂದಿಬ್ಬರು ಮಕ್ಕಳನ್ನು ಅದು ಹೊರುತ್ತದೆ, ಕಾಲು ಮಾತ್ರ ಒದ್ದೆಯಾಗುತ್ತದೆ. ಹಗ್ಗದ ಒಂದು ತುದಿ ದಡದಲ್ಲಿರುವವರ ಕೈಯಲ್ಲೇ ಇರಲಿ. ಕೆಲವು ದಿನಗಳಲ್ಲಿ ದಿಂಡು ನೀರು ಕುಡಿದು ಭಾರವಾಗುತ್ತದೆ. ಆಗ ಎಳೆದು ಗೊಬ್ಬರದ ಗುಂಡಿಗೆ ಹಾಕಿದರಾಯಿತು.

ಕೆರೆ ಊರಿನದು

ಹಿತ್ತಿಲಿನ ಬೇಲಿಗೆ ನಮ್ಮ ಹಕ್ಕು ಮುಗಿಯುತ್ತದೆ. ಬಟ್ಟೆ ಒಗೆಯುವವರು, ದನ ಎಮ್ಮೆ ತರುವವರು, ಅಚ್ಚುಕಟ್ಟಿನ ಗದ್ದೆಯವರು ವರ್ಷವಿಡೀ ಬಳಸುವ ಸೋಪಾನವನ್ನು ರಜೆಗೆ ಬಂದವರು ಆಕ್ರಮಿಸಿಕೊಳ್ಳುವುದು ಚೆನ್ನಾಗಿರುವುದಿಲ್ಲ. ಅವರು ಬರುವ ಹೊತ್ತನ್ನು ತಿಳಿದುಕೊಂಡು ನಮ್ಮ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಕೆರೆಯ ಮೀನು ಬಹಳ ಕಡೆ ಗುತ್ತಿಗೆಗೆ ಹೋಗಿರುತ್ತದೆ. ಮಕ್ಕಳು ಗಾಳ ಹಾಕುವುದಿದ್ದರೂ ಗುತ್ತಿಗೆದಾರರಿಗೆ ಒಂದು ಮಾತು ಹೇಳಿ, ಮನೆಗೆ ಬೇಕಾದ ಕಾಟ್ಲಾ, ರೋಹುವನ್ನು ಅವರಿಂದಲೇ ತೂಕಕ್ಕೆ ಕೊಂಡರೆ ಸಂಬಂಧ ಉಳಿಯುತ್ತದೆ. ರಾತ್ರಿ ಸ್ಪೀಕರು ಹಾಕುವುದು ಬೇಡವೇ ಬೇಡ, ನೀರಿನ ಮೇಲೆ ಸದ್ದು ಆಚೆ ದಡದವರೆಗೂ ಹೋಗುತ್ತದೆ.

ಮಧ್ಯಾಹ್ನ: ಹಲಸಿನ ಹಪ್ಪಳ

ಹನ್ನೊಂದರಿಂದ ನಾಲ್ಕರವರೆಗಿನ ಬಿಸಿಲನ್ನು ಮನುಷ್ಯರು ಬಿಟ್ಟುಕೊಟ್ಟು ಹಪ್ಪಳಕ್ಕೆ ಕೊಡಬೇಕು. ಬಲಿತಿದ್ದರೂ ಹಣ್ಣಾಗದ ಹಲಸಿನಕಾಯಿ ಬೇಕು; ಹಣ್ಣಿನ ವಾಸನೆ ಬಂದಿದ್ದರೆ ಹಿಟ್ಟು ಅಂಟುತ್ತದೆ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಬೀಜ ತೆಗೆದು, ನೀರು ಸೋಕದಂತೆ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿನಲ್ಲಿ ಉಪ್ಪು, ಒಣಮೆಣಸಿನಕಾಯಿ, ಜೀರಿಗೆಯೊಂದಿಗೆ ಕುಟ್ಟಬೇಕು. ನಾರು ಕಾಣದಂತಾದಾಗ ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿದರೆ ಹಪ್ಪಳವಾಯಿತು. ಉಂಡೆ ಮಾಡುವವರು, ಒತ್ತುವವರು, ಚಾಪೆಯ ಮೇಲೆ ಹರವುವವರು, ಕಾಗೆ ಓಡಿಸುವವರು ಎಂದು ಎಂಟು ಮಂದಿಗೆ ಕೆಲಸವಿದೆ, ಮತ್ತು ಇಲ್ಲಿ ಮಾತ್ರ ಮೇಲ್ವಿಚಾರಣೆ ದೊಡ್ಡಮ್ಮನದೇ ಆಗಿರಬೇಕು. ಎರಡು ಮೂರು ಒಳ್ಳೆಯ ಬಿಸಿಲು ಬೇಕಾದ್ದರಿಂದ, ಮೇ ಎರಡನೆಯ ವಾರ ಕೃತ್ತಿಕಾ ಮಳೆ ಹುಟ್ಟುವುದರೊಳಗೆ ಹಪ್ಪಳದ ಕೆಲಸ ಮುಗಿಸುವುದು ಜಾಣತನ.

ಮನೆಯ ಸುತ್ತ ಹಲಸು ಹಣ್ಣಾಗಲು ಬಿಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆಗಳು ಕಾಫಿ ತೋಟಗಳಲ್ಲೇ ಸುಳಿದಾಡುತ್ತವೆ. ಹಲಸಿನ ವಾಸನೆ, ಕೆರೆಯ ನೀರು ಎರಡೂ ಅವನ್ನು ಕರೆಯುತ್ತವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಟದೊಳಗೆ ನಡೆದಾಡಬೇಡಿ. ಆನೆ ಎಲ್ಲಿದೆ ಎಂಬ ಸುದ್ದಿ ಊರಿನವರ ಮೊಬೈಲಿಗೆ ಬರುತ್ತದೆ, ದಿನವೂ ಕೇಳಿಕೊಳ್ಳಿ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯ ಕಡೆಯವರು ಉಣುಗು ಕಡಿತದಿಂದ ಹರಡುವ ಮಂಗನ ಕಾಯಿಲೆಯನ್ನು ಬೇಸಿಗೆ ಮುಗಿಯುವವರೆಗೂ ಮರೆಯಬಾರದು. ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ನೆನೆಹಾಕಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಬೇಕು. ಕೆರೆಯಲ್ಲಿ ಕಾಣುವ ನೀರೊಳ್ಳೆ ಹಾವಿಗೆ ವಿಷವಿಲ್ಲ, ಆದರೆ ಕತ್ತಲಲ್ಲಿ ಟಾರ್ಚಿಲ್ಲದೆ ಹಿತ್ತಿಲಿಗೆ ಹೋದರೆ ಕೊಳಕುಮಂಡಲದ ಮೇಲೆ ಕಾಲಿಟ್ಟೀರಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಮಾಡದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಸುತ್ತಾಟ: ವಾರಕ್ಕೊಂದೇ

ದಿನವೂ ಕಾರು ಹತ್ತುವುದಾದರೆ ಕೆರೆದಂಡೆಯ ಮನೆಗೆ ಬರುವ ಅಗತ್ಯವೇ ಇರಲಿಲ್ಲ. ವಾರಕ್ಕೊಂದು ಸಾಕು, ಅದೂ ಬೇಸಿಗೆಯಲ್ಲೇ ನೋಡಬೇಕಾದದ್ದು. ಗೊರೂರಿನ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ; ಈಗ ನೀರು ಇಳಿದು, ಬುಡದವರೆಗೂ ನಡೆದು ಹೋಗಬಹುದು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮರಿ ಮಾಡುವುದೂ ನೀರು ಇಳಿದ ಈ ತಿಂಗಳುಗಳಲ್ಲೇ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ಸಂಜೆ ಹೋಗಿ, ಶಕುನಗಿರಿಯ ನೆರಳು ನೀರಿನ ಮೇಲೆ ಚಾಚುವುದನ್ನು ನೋಡಬೇಕು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬೇಲೂರು, ಹಳೇಬೀಡುಗಳಲ್ಲಿ ಜನ ಹೆಚ್ಚು. ಬರಿಗಾಲಿನಲ್ಲಿ ನಡೆಯಬೇಕಾದ ಕಲ್ಲುಹಾಸು ಹತ್ತು ಗಂಟೆಗೇ ಕಾದ ಹಂಚಾಗುವುದರಿಂದ ಬೆಳಗಿನ ಮೊದಲ ಹೊತ್ತಿಗೆ ಹೋಗಿ ಊಟಕ್ಕೆ ಮನೆಗೆ ಬಂದುಬಿಡಿ.

ಹೊರಡುವ ವಾರ

ಮೇ ಕೊನೆಗೆ ಶಾಲೆ ಶುರುವಾಗುತ್ತದೆ, ಬೆನ್ನಿಗೇ ಮೃಗಶಿರಾ ಮಳೆ ಬರುತ್ತದೆ. ಹೊರಡುವುದಕ್ಕೆ ಎರಡು ದಿನ ಮೊದಲೇ ಹಾಸಿಗೆಗಳನ್ನು ಒಣಗಿಸಿ ಅಟ್ಟಕ್ಕೆ ಏರಿಸಬೇಕು. ಹೊರಡುವ ದಿನ ಮಳೆ ಬಂದರೆ ಒದ್ದೆ ಹಾಸಿಗೆಯನ್ನು ಮುಂದಿನ ವರ್ಷ ಬೂಸಲಿನ ಸಮೇತ ನೋಡಬೇಕಾಗುತ್ತದೆ. ಜಾಕೆಟ್ಟುಗಳನ್ನು ಒಳ್ಳೆಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ಇಲಿ ಹತ್ತದ ಕಡೆ ತೂಗುಹಾಕಿ. ಕೆರೆಯಲ್ಲಿ ನೆಟ್ಟ ಗಳಗಳನ್ನು ಕಿತ್ತು ತರಲು ಮರೆಯಬೇಡಿ, ನೀರು ಏರಿದ ಮೇಲೆ ಅವು ಮೀನುಗಾರರ ಬಲೆ ಹರಿಯುತ್ತವೆ. ದೊಡ್ಡಪ್ಪ, ದೊಡ್ಡಮ್ಮನಿಗೆ ಮಳೆಗಾಲಕ್ಕೆ ಬೇಕಾದ ಸೌದೆ, ದಿನಸಿ, ಔಷಧಿಗಳನ್ನು ಒಳಗಿಟ್ಟು, ಉಳಿದ ಹಣವನ್ನು ಹಂಚಿಕೊಳ್ಳದೆ ಹೆಂಚಿನ ಖರ್ಚಿಗೆಂದು ಅಲ್ಲೇ ಬಿಡುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಕಾರಿಗೆ ಸಾಮಾನು ತುಂಬಿದ ಮೇಲೆ ಮಕ್ಕಳಲ್ಲಿ ಒಬ್ಬರು ಸುಣ್ಣದ ಡಬ್ಬಿ ಹಿಡಿದು ಸೋಪಾನಕ್ಕೆ ಇಳಿದು, ಅಂದಿನ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು ಬರುತ್ತಾರೆ. ಮೇಲಿನಿಂದ ಎಷ್ಟನೆಯ ಮೆಟ್ಟಿಲು ಎಂಬುದನ್ನು ದೊಡ್ಡಪ್ಪನ ಹಳೆಯ ನೋಟುಪುಸ್ತಕದಲ್ಲಿ ಇಸವಿಯ ಮುಂದೆ ಬರೆಯಲಾಗುತ್ತದೆ. ಈ ಸಲ ಹನ್ನೊಂದು. ಹೋದ ವರ್ಷ ಒಂಬತ್ತು.